ನಾಲ್ಕು ನಿಮಿಷ ಮೊದಲು ಬಂದ ಕರೆ

ಆಗಸ್ಟ್ 4

ಮಾನ್ಯರೇ,

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನೀವು ಯಾರೆಂದು ನನಗೆ ಹನ್ನೊಂದನೆಯ ವಯಸ್ಸಿನಿಂದ ಗೊತ್ತು. ಇದು ನ್ಯಾಯವಲ್ಲ. ಆದ್ದರಿಂದ ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ.

ಚೌಕದ ಮೂಲೆಯಲ್ಲಿ, ಗಡಿಯಾರ ಗೋಪುರದ ಎದುರಿಗೇ ನನ್ನ ಹೊಲಿಗೆ ಅಂಗಡಿ. ಪ್ಯಾಂಟು, ಕೋಟು, ಸಮವಸ್ತ್ರ ಹೊಲಿಯುತ್ತೇನೆ. ಸೊಂಟದ ಅಳತೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿದು ಕೊಡುತ್ತೇನೆ, ಜಗಳವಿಲ್ಲ. ಜಗಳವೆಲ್ಲ ಭಾನುವಾರಕ್ಕೆ. ಅವತ್ತು ಅಂಗಡಿ ಮುಚ್ಚಿ ವಾಚನಾಲಯಕ್ಕೆ ಹೋಗಿ ಹೊಟ್ಟೆ ತುಂಬ ವಾದ ಮಾಡಿ ಬರುತ್ತೇನೆ.

ಅಲ್ಲಿ ಎರಡು ಪಕ್ಷ. ಒಂದು ವರದಿ ಮೇಷ್ಟ್ರದು. ನಿವೃತ್ತ ಶಿಕ್ಷಕರು, ಮುಖಂಡರ ಕೊಲೆಯ ವಿಚಾರಣಾ ಆಯೋಗದ ವರದಿಯನ್ನು ಪುಟದ ಸಂಖ್ಯೆ ಸಮೇತ ಬಾಯಿಪಾಠ ಒಪ್ಪಿಸಬಲ್ಲರು. ಇನ್ನೊಂದು ಗುಮಾನಿ ಮಾವನದು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಮಳೆ ಬಂದರೂ ಯಾರು ಬರಿಸಿದರು, ಯಾಕೆ ಬರಿಸಿದರು ಎಂದು ಕೇಳುವ ಪೈಕಿ. ನಾನು ಮಾವನ ಪಕ್ಷ.

ಬರುವ ನವೆಂಬರ್ 9ಕ್ಕೆ ಮುಖಂಡರು ಹೋಗಿ ನಲವತ್ತು ವರ್ಷ. ಅವತ್ತು ಚೌಕದಲ್ಲಿ ಅವರ ಸಭೆ, ನಾನು ಗೋಪುರದ ಮೆಟ್ಟಿಲ ಮೇಲೆ ಕೂತಿದ್ದೆ. ಗಡಿಯಾರ ಐದು ಬಡಿಯಿತು, ನಾನೇ ಎಣಿಸಿದ್ದೇನೆ. ಮುಖಂಡರು ಮಾತಾಡಲು ಎದ್ದರು. ಐದನೆಯ ಸದ್ದು ಕಿವಿಯಲ್ಲಿ ಇನ್ನೂ ಇರುವಾಗಲೇ ಎರಡು ಗುಂಡು. ಹಾರಿಸಿದವನು ಅಲ್ಲೇ ಸಿಕ್ಕಿಬಿದ್ದ. ‘ನಾನೊಬ್ಬನೇ’ ಎಂದ. ಜೈಲಿನಲ್ಲಿ ಸತ್ತ. ಅವನ ಹಿಂದೆ ಯಾರೂ ಇರಲಿಲ್ಲ ಎಂದು ವರದಿ ಹೇಳುತ್ತದೆ.

ಆದರೆ ಅದೇ ವರದಿಯ ಕೊನೆಯಲ್ಲಿ ಆಸ್ಪತ್ರೆಯ ದಾಖಲೆ ಪುಸ್ತಕದ ಒಂದು ಪುಟವಿದೆ. ‘ಮುಖಂಡರಿಗೆ ಗುಂಡೇಟು, ಆಂಬುಲೆನ್ಸ್ ಕಳಿಸಿ’ ಎಂಬ ಕರೆ ಬಂದ ಹೊತ್ತು ಅಲ್ಲಿ ನಿಮ್ಮ ಕೈಬರಹದಲ್ಲಿದೆ: ನಾಲ್ಕು ಐವತ್ತಾರು. ಗುಂಡು ಹಾರುವುದಕ್ಕೆ ನಾಲ್ಕು ನಿಮಿಷ ಮೊದಲು! ಆಗಿನ್ನೂ ಮುಖಂಡರು ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತಿದ್ದರು.

ನಾನು ‘ನಾಲ್ಕು ನಿಮಿಷ’ ಎಂಬ ಪುಸ್ತಿಕೆ ಬರೆಯುತ್ತಿದ್ದೇನೆ. ಅಕ್ಟೋಬರ್ 25ಕ್ಕೆ ಅಚ್ಚಿಗೆ ಹೋಗಬೇಕು. ಅದರಲ್ಲಿ ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಆಗಿದ್ದ ನಿಮ್ಮ ಹೆಸರೂ ಬರುತ್ತದೆ. ಬರೆಯುವ ಮೊದಲು ಒಂದು ಮಾತು ಕೇಳಬೇಕಲ್ಲವೇ? ಆಗಿನ ನರ್ಸೊಬ್ಬರಿಂದ ನಿಮ್ಮ ವಿಳಾಸ ಸಿಕ್ಕಿತು. ನಿಮಗೆ ಮುಂಚೆಯೇ ತಿಳಿಸಿದವರು ಯಾರು? ಆಗ ಹೆದರಿಕೆಯಿದ್ದರೆ ಈಗ ಬೇಡ. ಅವರಲ್ಲಿ ಅರ್ಧ ಜನ ಸತ್ತಿದ್ದಾರೆ, ಉಳಿದವರಿಗೆ ಹಲ್ಲಿಲ್ಲ.

ವಿನಯದಿಂದ,
ಚೌಕದ ದರ್ಜಿ

*

ಆಗಸ್ಟ್ 13, ಬೆಳಿಗ್ಗೆ 10-20

ದರ್ಜಿಯವರಿಗೆ,

ನಿಮ್ಮ ಪ್ರಶ್ನೆಯನ್ನು ನನಗೆ ಪೊಲೀಸರು, ಪತ್ರಿಕೆಯವರು, ಪಕ್ಕದ ಮನೆಯವರು ಮತ್ತು ನನ್ನನ್ನು ನೋಡಲು ಬಂದಿದ್ದ ವರನ ತಾಯಿ ಕೇಳಿ ಆಗಿದೆ. ನೀವು ತಡವಾಗಿ ಬಂದಿದ್ದೀರಿ.

ಉತ್ತರ ಅದೇ. ಯಾರೂ ತಿಳಿಸಲಿಲ್ಲ. ಕರೆ ಬಂತು, ಎದುರಿನ ಗೋಡೆ ಗಡಿಯಾರ ನೋಡಿದೆ, ಬರೆದೆ. ಆ ಗಡಿಯಾರವನ್ನು ದಿನಾ ಬೆಳಿಗ್ಗೆ ರೇಡಿಯೋ ವಾರ್ತೆಗೆ ಮುಂಚೆ ಬರುವ ಸದ್ದಿಗೆ ಸರಿಯಾಗಿ ನಾನೇ ಹೊಂದಿಸುತ್ತಿದ್ದೆ. ನಾಲ್ಕು ಐವತ್ತಾರು ಎಂದು ಬರೆದಿದ್ದರೆ ಆಗ ನಾಲ್ಕು ಐವತ್ತಾರೇ ಆಗಿತ್ತು.

ಆಯೋಗ ನನ್ನದು ‘ಅಜಾಗರೂಕತೆ’ ಎಂದಿತು. ನಿಮ್ಮಂಥವರು ಪಿತೂರಿ ಎಂದಿರಿ. ಎರಡೂ ಅಲ್ಲ. ಕೊಂದವನು ಒಬ್ಬನೇ. ಅವನು ಹೇಳಿದ, ವರದಿ ಹೇಳಿತು, ಮುಗಿಯಿತು. ಇದನ್ನು ಅಚ್ಚು ಹಾಕುವುದಾದರೆ ಹಾಕಿ.

ನಿವೃತ್ತ ಟೆಲಿಫೋನ್ ಆಪರೇಟರ್

*

ಆಗಸ್ಟ್ 22

ಮಾನ್ಯರೇ,

ನಿಮ್ಮ ಪತ್ರ ಓದಿ ನಾನು ಕುಣಿದಾಡುವುದೊಂದು ಬಾಕಿ! ಕತ್ತರಿ ಎಲ್ಲಿಟ್ಟೆನೆಂದು ತಿಳಿಯದೆ ಅರ್ಧ ದಿನ ಹುಡುಕಿದೆ, ಕೊನೆಗೆ ಕೈಯಲ್ಲೇ ಇತ್ತು.

ನೀವೇ ಒಪ್ಪಿಕೊಂಡಿರಿ, ಬರೆದ ಸಮಯ ಸರಿ ಎಂದು. ವರದಿ ಮೇಷ್ಟ್ರು ಇಷ್ಟು ವರ್ಷ ‘ಆ ಹೆಂಗಸು ಗಡಿಯಾರ ಸರಿಯಾಗಿ ನೋಡಿಲ್ಲ ಕಣ್ರೀ, ಪುಟ ನೂರಾ ಹನ್ನೆರಡು’ ಎಂದು ನಮ್ಮ ಬಾಯಿಗೆ ಬೀಗ ಹಾಕುತ್ತಿದ್ದರು. ಭಾನುವಾರ ನಿಮ್ಮ ಕಾಗದ ತೆಗೆದು ಜೋರಾಗಿ ಓದಿದೆ. ಮೇಷ್ಟ್ರು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು, ನೀರು ಕುಡಿಯಲು ಎದ್ದುಹೋದರು. ಗುಮಾನಿ ಮಾವ ನನ್ನ ಬೆನ್ನಿಗೆ ಬಾರಿಸಿದ ಪೆಟ್ಟು ಇನ್ನೂ ನೋಯುತ್ತಿದೆ.

ಇನ್ನು ಉಳಿದದ್ದು ಗೋಪುರದ ಗಡಿಯಾರ. ಅದರ ಬಗ್ಗೆ ಯಾರಾದರೂ ಬಾಯಿ ತೆಗೆದರೆ ಉತ್ತರ ನನ್ನ ಮನೆಯಲ್ಲೇ ಇದೆ. ಅದಕ್ಕೆ ಕೀಲಿ ಕೊಡುತ್ತಿದ್ದವರು ನನ್ನ ತಂದೆ. ಇಪ್ಪತ್ತೆರಡು ವರ್ಷ ಪುರಸಭೆಯ ಕೆಲಸ. ದಿನಾ ಎಪ್ಪತ್ತಮೂರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಜ್ವರ ಬಂದರೂ ತಪ್ಪಿಸಿದವರಲ್ಲ. ಚೌಕದಲ್ಲಿ ಯಾರ ಕೈಗಡಿಯಾರ ಅದಕ್ಕೆ ಹೊಂದದಿದ್ದರೂ ಜನ ತಮ್ಮ ಗಡಿಯಾರವನ್ನೇ ತಿರುಗಿಸಿಕೊಳ್ಳುತ್ತಿದ್ದರು.

ನಿಮ್ಮ ಗಡಿಯಾರವೂ ಸರಿ, ನಮ್ಮಪ್ಪನ ಗಡಿಯಾರವೂ ಸರಿ. ಹಾಗಾದರೆ ಕರೆ ಮೊದಲು ಬಂದದ್ದೂ ನಿಜ! ನೀವು ನಿರ್ದೋಷಿ ಎಂದೇ ಬರೆಯುತ್ತೇನೆ, ಹೆದರಬೇಡಿ. ‘ಪಾಪದ ಹೆಣ್ಣುಮಗಳನ್ನು ಪಿತೂರಿಗಾರರು ತಿಳಿಯದಂತೆ ಬಳಸಿಕೊಂಡರು’ ಎಂದು ಒಂದು ಇಡೀ ಅಧ್ಯಾಯ ಇಟ್ಟಿದ್ದೇನೆ.

ಸಂತೋಷದಿಂದ,
ದರ್ಜಿ

*

ಸೆಪ್ಟೆಂಬರ್ 2, ಮಧ್ಯಾಹ್ನ 2-45

ದರ್ಜಿಯವರಿಗೆ,

ನಿಮ್ಮ ಅಧ್ಯಾಯ ನಿಮ್ಮ ಹತ್ತಿರವೇ ಇರಲಿ. ಪಿತೂರಿ ಮಾಡಿದವಳು, ಇಲ್ಲವೇ ಕೆಲಸ ಬಾರದವಳು, ಇಲ್ಲವೇ ಪಾಪದವಳು. ಕೆಲಸವನ್ನು ಸರಿಯಾಗಿ ಮಾಡಿದವಳು ಎಂಬ ನಾಲ್ಕನೆಯ ಪೆಟ್ಟಿಗೆ ನಿಮ್ಮ ಯಾರ ಅಂಗಡಿಯಲ್ಲೂ ಇಲ್ಲವೇ?

ಆ ಕರೆಯಲ್ಲಿ ನಾನು ಕೇಳಿಸಿಕೊಂಡದ್ದನ್ನು ಹೇಳುತ್ತೇನೆ. ಚೌಕದ ಔಷಧಿ ಅಂಗಡಿಯವನು ಮಾಡಿದ ಕರೆ. ‘ಬೇಗ ಕಳಿಸಿಯಮ್ಮಾ, ನೆಲದ ಮೇಲೆ ಬಿದ್ದಿದಾರೆ, ಬೇಗ’ ಎಂದು ಅಳುತ್ತಿದ್ದ. ಅವನ ಹಿಂದೆ ಇಡೀ ಚೌಕ ಕಿರುಚುತ್ತಿತ್ತು. ಯಾರೋ ಒಬ್ಬಳು ತನ್ನ ಮಗುವನ್ನು ಹೆಸರು ಹಿಡಿದು ಕೂಗುತ್ತಿದ್ದಳು. ನಾಲ್ಕು ನಿಮಿಷ ಮೊದಲೇ ಅಳುವುದನ್ನು ಒಬ್ಬನಿಗೆ ಹೇಳಿಕೊಡಬಹುದು. ಚೌಕಕ್ಕೆಲ್ಲ ಕಿರುಚಲು ಹೇಳಿಕೊಡಲು ಆಗುತ್ತದೆಯೇ? ನೀವು ಅಲ್ಲೇ ಇದ್ದಿರಲ್ಲ, ನೀವೇ ಹೇಳಿ. ಗುಂಡಿನ ಮೊದಲು ಕಿರುಚಿದಿರೋ, ಆಮೇಲೋ?

ಆಗ ನನಗೆ ಇಪ್ಪತ್ತನಾಲ್ಕು. ವಾರ ಕಳೆಯುವುದರೊಳಗೆ ನಾನು ಬಸ್ಸು ಹತ್ತಿದರೆ ಪಕ್ಕದ ಸೀಟು ಖಾಲಿಯಾಗತೊಡಗಿತು. ಎರಡು ತಿಂಗಳಲ್ಲಿ ಬೇರೆ ಊರಿಗೆ ವರ್ಗ ಮಾಡಿದರು. ಹೊಸ ಊರಿಗೆ ನನಗಿಂತ ಮೊದಲೇ ಸುದ್ದಿ ಬಂದಿತ್ತು. ಅದೆಲ್ಲ ಹಳೆಯದು, ಅದಕ್ಕಾಗಿ ಬರೆಯುತ್ತಿಲ್ಲ. ನನ್ನ ಅಕ್ಕನ ಮೊಮ್ಮಗಳು ನನ್ನ ಕೈಯಲ್ಲೇ ಬೆಳೆದವಳು. ಜನವರಿಯಲ್ಲಿ ನಿಮ್ಮ ಊರಿನ ಅದೇ ಆಸ್ಪತ್ರೆಗೆ ನರ್ಸಿಂಗ್ ಓದಲು ಬರುತ್ತಾಳೆ. ಊರೆಲ್ಲ ನಿಮ್ಮ ಪುಸ್ತಿಕೆ ಓದಿ ಮುಗಿಸಿದ ಹೊತ್ತಿಗೆ ಸರಿಯಾಗಿ. ನನ್ನ ಪಕ್ಕದ ಖಾಲಿ ಸೀಟನ್ನು ನೀವು ಅವಳಿಗೆ ಕೊಡುತ್ತಿದ್ದೀರಿ.

ಒಂದೇ ಪ್ರಶ್ನೆ. ನಲವತ್ತು ವರ್ಷದಿಂದ ಎಲ್ಲರೂ ನನ್ನ ಗಡಿಯಾರವನ್ನು ಪಾಟೀಸವಾಲು ಮಾಡಿದ್ದೀರಿ. ನಿಮ್ಮ ಗಡಿಯಾರಕ್ಕೆ ಸಮಯ ಇಡುತ್ತಿದ್ದುದು ಹೇಗೆ ಎಂದು ಒಬ್ಬರಾದರೂ ಕೇಳಿದ್ದೀರಾ?

ಟೆಲಿಫೋನ್ ಆಪರೇಟರ್

*

ಸೆಪ್ಟೆಂಬರ್ 9

ಮಾನ್ಯರೇ,

ಕಿರುಚಾಟದ ಮಾತು ನನ್ನ ತಲೆಗೆ ಹುಳ ಬಿಟ್ಟಿದೆ. ಮಾವನಿಗೆ ಹೇಳಿದೆ. ‘ಫೋನಲ್ಲಿ ರೆಕಾರ್ಡು ಹಾಕಿ ಕೇಳಿಸಿರ್ಬೇಕು’ ಎಂದರು. ನನಗೂ ಅದು ಸ್ವಲ್ಪ ಜಾಸ್ತಿಯಾಯಿತು ಎನ್ನಿಸಿತು.

ನಿಮ್ಮ ಸವಾಲು ಒಪ್ಪಿದ್ದೇನೆ. ಎಂಬತ್ತು ದಾಟಿದ ನನ್ನ ತಾಯಿ ಇದ್ದಾರೆ. ನಾಳೆಯೇ ಕೇಳಿ, ಅಪ್ಪ ಎಷ್ಟು ಕರಾರುವಾಕ್ಕಾದ ಮನುಷ್ಯ ಎಂದು ಅವರ ಬಾಯಲ್ಲೇ ಬರೆದು ಕಳಿಸುತ್ತೇನೆ. ಆಮೇಲೆ ನೀವು ನನ್ನ ಅಧ್ಯಾಯದ ಮೇಲೆ ಸಿಟ್ಟಾಗಬಾರದು!

ದರ್ಜಿ

*

ಅಕ್ಟೋಬರ್ 6, ಬೆಳಿಗ್ಗೆ 9-05

ದರ್ಜಿಯವರಿಗೆ,

‘ನಾಳೆ’ ಎಂದು ಬರೆದು ಇಪ್ಪತ್ತೇಳು ದಿನವಾಯಿತು. ನಿಮ್ಮ ತಾಯಿಯವರು ಅಪ್ಪನನ್ನು ಹೊಗಳಿ ಮುಗಿಸಿದ್ದಾರೆ, ಪುಸ್ತಿಕೆ ಅಚ್ಚಿಗೆ ಹೋಗಿದೆ, ನನಗೆ ಬರೆಯುವ ಕೆಲಸ ಮುಗಿದಿದೆ ಎಂದು ತಿಳಿಯುತ್ತೇನೆ.

ಬೇಸರವಿಲ್ಲ, ಅಭ್ಯಾಸವಾಗಿದೆ. ಎರಡು ತಿಂಗಳು ಒಬ್ಬ ಅಪರಿಚಿತರ ಜೊತೆ ಜಗಳವಾಡಿದ್ದು ಚೆನ್ನಾಗಿತ್ತು. ಉಳಿದವರೆಲ್ಲ ಬೆನ್ನ ಹಿಂದೆ ಆಡಿದ್ದನ್ನು ನೀವು ಮುಖಕ್ಕೆ ಬರೆದು ಕೇಳಿದಿರಿ. ಮೊಮ್ಮಗಳಿಗೆ ಬೇರೆ ಊರಿನಲ್ಲಿ ಸೀಟು ಸಿಗುತ್ತದೆಯೇ ಎಂದು ವಿಚಾರಿಸುತ್ತಿದ್ದೇನೆ. ಅವಳಿಗೆ ಇನ್ನೂ ಕಾರಣ ಹೇಳಿಲ್ಲ. ಮೊದಲ ಸಲಕ್ಕೇ ಅಲ್ಲಿ ಸೀಟು ಸಿಕ್ಕಿತೆಂದು ಮನೆಯೆಲ್ಲ ಕುಣಿದವಳಿಗೆ ಯಾವ ಬಾಯಲ್ಲಿ ಹೇಳಲಿ?

ಪುಸ್ತಿಕೆಯಲ್ಲಿ ನನ್ನ ವಯಸ್ಸು ಹಾಕುವುದಾದರೆ ಅರವತ್ತನಾಲ್ಕು. ಪತ್ರಿಕೆಯವರು ಆಗಲೇ ಎರಡು ವರ್ಷ ಹೆಚ್ಚು ಹಾಕಿದ್ದರು. ಅದೊಂದನ್ನು ಮಾತ್ರ ನಾನು ಇನ್ನೂ ಕ್ಷಮಿಸಿಲ್ಲ.

ಟೆಲಿಫೋನ್ ಆಪರೇಟರ್

*

ಅಕ್ಟೋಬರ್ 12

ಅಮ್ಮಾ,

ಮಾನ್ಯರೇ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ. ಮೊಮ್ಮಗಳ ಸೀಟು ಬದಲಾಯಿಸಬೇಡಿ. ಮೊದಲು ಇದನ್ನು ಓದಿ.

ಸೆಪ್ಟೆಂಬರ್ 10ರ ಬೆಳಿಗ್ಗೆ ಅಮ್ಮ ಅಂಗಡಿಯಲ್ಲಿ ಕೂತು ಗುಂಡಿಗಳನ್ನು ಬಣ್ಣಕ್ಕೊಂದು ಡಬ್ಬಿ ಮಾಡಿ ವಿಂಗಡಿಸುತ್ತಿದ್ದರು. ನಾನು ಕಾಗದ, ಪೆನ್ನು ಹಿಡಿದು ಎದುರಿಗೆ ಕೂತೆ.

‘ಅಮ್ಮಾ, ಅಪ್ಪ ಗೋಪುರದ ಗಡಿಯಾರಕ್ಕೆ ಟೈಮು ಹೇಗೆ ಇಡ್ತಿದ್ರು?’

‘ಸ್ಟೇಷನ್ ಮಾಸ್ಟರ್ ಹತ್ರ ಹೋಗಿ ಕೈಗಡಿಯಾರ ಸರಿ ಮಾಡ್ಕೊಂಡು ಬರೋರು. ಆಮೇಲೆ ಮೇಲೆ ಹತ್ತಿ ಆರು ನಿಮಿಷ ಸೇರಿಸೋರು.’

‘ಏನು ಸೇರಿಸೋರು?’

‘ಆರು ನಿಮಿಷ ಕಣೋ! ಕಿವಿ ಹೋಗಿರೋದು ನಿಂದೋ ನಂದೋ?’

ಗಿರಣಿಯ ಗೇಟು ಎಂಟಕ್ಕೆ ಮುಚ್ಚುತ್ತಿತ್ತು. ಒಂದು ನಿಮಿಷ ತಡವಾದರೂ ಕಾವಲಿನವನು ವಾಪಸು ಕಳಿಸುತ್ತಿದ್ದ. ಚೌಕದಿಂದ ಗೇಟಿಗೆ ನಡೆದರೆ ಆರು ನಿಮಿಷ. ದಿನಾ ಮೇಲಿನಿಂದ ನೋಡುತ್ತಿದ್ದ ಅಪ್ಪನಿಗೆ, ಮಕ್ಕಳನ್ನು ಯಾರ ಹತ್ತಿರವೋ ಬಿಟ್ಟು ಓಡಿ ಬರುವ ಹೆಂಗಸರೆಲ್ಲ ಸರಿಯಾಗಿ ಎಂಟು ಬಡಿಯುವಾಗ ಚೌಕದಲ್ಲೇ ಇರುವುದು ಕಾಣುತ್ತಿತ್ತಂತೆ. ಅದಕ್ಕೇ ಚೌಕಕ್ಕೇ ಆರು ನಿಮಿಷ ಮುಂಚೆ ಎಂಟು ಗಂಟೆ ತಂದುಕೊಟ್ಟರು.

‘ಊರಿಗೆ ಗೊತ್ತಿತ್ತಾ?’ ಎಂದೆ.

‘ಗೊತ್ತಾದ್ರೆ ಏನು ಬಂತು? ಇನ್ನೂ ಆರು ನಿಮಿಷ ಇದೆ ಅಂತ ಮಗ್ಗುಲು ಬದಲಾಯಿಸಿ ಮಲಗೋರು. ನಂಗೊಬ್ಬಳಿಗೇ ಗೊತ್ತಿದ್ದದ್ದು.’

‘ಆಯೋಗದೋರು ಬಂದಾಗ ಅಪ್ಪ ಯಾಕೆ ಹೇಳ್ಲಿಲ್ಲ?’

ಅಮ್ಮ ಗುಂಡಿ ಕೆಳಗಿಟ್ಟರು. ಕೊಲೆಯಾದ ಸಂಜೆಯೇ ಶೋಕಕ್ಕೆಂದು ಪುರಸಭೆ ಗಡಿಯಾರ ನಿಲ್ಲಿಸಿತ್ತು. ಆಯೋಗದವರು ಬಂದಾಗ ಮುಳ್ಳು ನಿಂತೇ ಇತ್ತು. ‘ಅವತ್ತು ಓಡ್ತಿತ್ತಾ?’ ಎಂದು ಕೇಳಿದರಂತೆ. ‘ಓಡ್ತಿತ್ತು ಸ್ವಾಮಿ’ ಎಂದರಂತೆ. ಅಷ್ಟೇ. ‘ಮುಳ್ಳು ತಿರುಗಿಸಿದ್ದೆ ಅಂದಿದ್ರೆ ಕೊಲೆಗಾರನ ಜೊತೆ ಸೇರಿಸಿ ಒಳಗೆ ಹಾಕೋರು ಕಣೋ. ನೀನಿನ್ನೂ ಇಷ್ಟುದ್ದ ಇದ್ದೆ.’ ಎಂಟನೆಯ ದಿನ ಮತ್ತೆ ಚಾಲೂ ಮಾಡುವಾಗ ಅಪ್ಪ ಸರಿಯಾದ ಸಮಯವನ್ನೇ ಇಟ್ಟರು. ಮರುದಿನ ಹನ್ನೊಂದು ಹೆಂಗಸರು ಗೇಟಿನ ಹೊರಗೆ ನಿಂತರು. ಅದರ ಮರುದಿನದಿಂದ ಮತ್ತೆ ಆರು ನಿಮಿಷ.

ನಿಮ್ಮ ಮೇಲೆ ಅಪವಾದ ಬಂದದ್ದು ತಿಳಿದ ಮೇಲೆ ಅಪ್ಪ ಮೂರು ಸಲ ಆಸ್ಪತ್ರೆಯ ಗೇಟಿನ ತನಕ ಹೋಗಿದ್ದರಂತೆ. ಎರಡು ಸಲ ಗೇಟಿನಿಂದಲೇ ವಾಪಸು. ಮೂರನೆಯ ಸಲ ಧೈರ್ಯ ಮಾಡಿ ಒಳಗೆ ಹೋದರೆ ನಿಮ್ಮ ಕುರ್ಚಿಯಲ್ಲಿ ಬೇರೆಯವರಿದ್ದರಂತೆ.

‘ಇಷ್ಟು ವರ್ಷ ನಂಗೊಂದು ಮಾತು ಹೇಳ್ಬಾರ್ದಿತ್ತಾ ಅಮ್ಮಾ?’ ಎಂದು ರೇಗಿದೆ.

‘ನಲವತ್ತು ವರ್ಷ ಆ ಕೊಲೆ ವಿಷಯ ನೀನು ನಂಗೆ ಹೇಳ್ತಾನೇ ಬಂದೆ. ಕೇಳಿದ್ದು ಇವತ್ತೇ.’

ನಾನೇನು ಮಾಡಿದೆ ಗೊತ್ತೇ? ಅಮ್ಮನಿಗೆ ವಯಸ್ಸಾಯಿತು, ಮರೆವು ಎಂದುಕೊಂಡೆ. ಅಪ್ಪನ ನಂತರ ಗಡಿಯಾರ ನೋಡಿಕೊಂಡ ಲೈನ್‌ಮನ್ ಹತ್ತಿರ ಹೋದೆ, ಅವರಾದರೂ ಸುಳ್ಳು ಎನ್ನಲಿ ಎಂದು. ಅವರು ಬಿದ್ದು ಬಿದ್ದು ನಕ್ಕರು. ‘ಅಯ್ಯೋ, ನಾನು ಚಾರ್ಜ್ ತಗೊಂಡ ದಿನ ಆರು ನಿಮಿಷ ಹಿಂದಕ್ಕೆ ತಂದೆ ಮಾರಾಯ. ಒಂದು ವಾರ ಊರೆಲ್ಲ ಗಿರಣಿ ಸೈರನ್ ಆರು ನಿಮಿಷ ಬೇಗ ಕೂಗ್ತಿದೆ, ಕೆಟ್ಟಿದೆ ಅಂತ ಅರ್ಜಿ ಬರೆದ್ರು!’

ಆಮೇಲೆ ನಾನು ಸುಮ್ಮನಾದೆ, ಒಂದು ತಿಂಗಳು. ಅಚ್ಚಿಗೆ ಕೊಡಬೇಕಾದ ಹಾಳೆಗಳು ಮೇಜಿನ ಮೇಲೇ ಇದ್ದವು. ಇದನ್ನು ಬಲ್ಲವರು ಮೂವರು, ನಾನು ಬಾಯಿ ಮುಚ್ಚಿದರೆ ಅಲ್ಲಿಗೆ ಮುಗಿಯಿತು. ಬಾಯಿ ಬಿಟ್ಟರೆ ಮಾವ ಕೇಳುವ ಮೊದಲ ಪ್ರಶ್ನೆಯೂ ಗೊತ್ತಿತ್ತು: ‘ನಿಮ್ಮಪ್ಪ ಗಡಿಯಾರ ಯಾಕಪ್ಪ ತಿರುಗಿಸಿದ?’ ಪಕ್ಕದ ಸೀಟು ಖಾಲಿಯಾಗುವುದು ಎಂದರೇನು ಎಂದು ನನಗೆ ಅಂಗಡಿಯಲ್ಲಿ ಕೂತೇ ಅರ್ಥವಾಯಿತು. ನೀವು ವಯಸ್ಸಿನ ಬಗ್ಗೆ ತಮಾಷೆ ಮಾಡಿದ ಆ ಕಾಗದ ಬರದಿದ್ದರೆ ಏನು ಮಾಡುತ್ತಿದ್ದೆನೋ, ಸುಳ್ಳು ಹೇಳಲಾರೆ.

ಗಡಿಯಾರ ಐದು ಬಡಿದದ್ದು ನಿಜ, ನಾನು ಸರಿಯಾಗಿಯೇ ಎಣಿಸಿದ್ದೆ. ಆದರೆ ಆಗ ಐದು ಗಂಟೆಯಾಗಿರಲಿಲ್ಲ. ನಾಲ್ಕು ಐವತ್ತನಾಲ್ಕಾಗಿತ್ತು.

ನಿಮ್ಮಲ್ಲಿ ಏನೆಂದು ಕ್ಷಮೆ ಕೇಳಲಿ?

ದರ್ಜಿ

*

ಅಕ್ಟೋಬರ್ 19, ಬೆಳಿಗ್ಗೆ 11-30

ದರ್ಜಿಯವರಿಗೆ,

ಕಾಗದ ಓದಿ ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಹಾಕಿದೆ. ಐದರಲ್ಲಿ ಆರು ನಿಮಿಷ ಕಳೆದರೆ ನಾಲ್ಕು ಐವತ್ತನಾಲ್ಕು. ಔಷಧಿ ಅಂಗಡಿಯವನು ಒಳಗೆ ಓಡಿ, ನಂಬರು ತಿರುಗಿಸಿ, ನಾನು ಎತ್ತಲು ಎರಡು ನಿಮಿಷ. ನಾಲ್ಕು ಐವತ್ತಾರು. ನಾಲ್ಕು ಸಲ ಲೆಕ್ಕ ಹಾಕಿದೆ, ನಾಲ್ಕು ಸಲವೂ ಅದೇ ಬಂತು. ಆಮೇಲೆ ಜೋರಾಗಿ ನಕ್ಕೆನಂತೆ. ಮೊಮ್ಮಗಳು ಅಡುಗೆಮನೆಯಿಂದ ಓಡಿಬಂದು ‘ಅಜ್ಜಿ, ಏನಾಯ್ತು?’ ಎಂದಳು. ಅವಳನ್ನು ಕೂರಿಸಿಕೊಂಡು ಮೊದಲಿನಿಂದ ಎಲ್ಲ ಹೇಳಿದೆ. ಇದುವರೆಗೆ ಹೇಳಿರಲಿಲ್ಲ. ಅವಳು ‘ನಾನು ಅಲ್ಲೇ ಓದೋದು’ ಎಂದಳು. ಸೀಟು ಬದಲಾಯಿಸುವ ಅರ್ಜಿ ಹರಿದಿದ್ದೇನೆ.

ನಿಮ್ಮ ತಂದೆಯವರ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲ ಎರಡು ದಿನ ತುಂಬ ಇತ್ತು. ಮೂರನೆಯ ದಿನ ಆಸ್ಪತ್ರೆಯ ಗೇಟಿನ ಹತ್ತಿರ ನಿಂತ ಒಬ್ಬ ಮನುಷ್ಯ ಕಣ್ಣ ಮುಂದೆ ಬರತೊಡಗಿದ. ಅವರು ಹೆದರಿದ ಜನ ನಾನು ಹೆದರಿದ ಜನವೇ. ಹನ್ನೊಂದು ಹೆಂಗಸರ ಜಾಗದಲ್ಲಿ ನಾನಿದ್ದಿದ್ದರೆ ಅವರನ್ನು ದೇವರೆನ್ನುತ್ತಿದ್ದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಕಷ್ಟ, ಅಭ್ಯಾಸ ಮಾಡುತ್ತಿದ್ದೇನೆ.

ಕ್ಷಮೆ ಕೇಳಬೇಡಿ, ಓದಿ. ನನಗೆ ಬರೆದಂತೆಯೇ ವಾಚನಾಲಯದಲ್ಲಿ ಎಲ್ಲರೆದುರು ಓದಿ. ಒಂದು ಸಾಲೂ ಮೃದು ಮಾಡಬೇಡಿ, ನಿಮ್ಮ ತಂದೆಯವರಿಗಾಗಿಯೂ, ನನಗಾಗಿಯೂ.

ಅಮ್ಮಾ ಎಂದು ಬರೆದಿದ್ದೀರಿ. ನಿಮಗೂ ನನಗೂ ಬರೀ ಹದಿಮೂರು ವರ್ಷ ಅಂತರ. ಅಕ್ಕ ಎಂದರೆ ಸಾಕು.

ಅಕ್ಕ

*

ನವೆಂಬರ್ 10

ಪ್ರೀತಿಯ ಅಕ್ಕನಿಗೆ,

ನಿನ್ನೆ ಓದಿದೆ. ವಾಚನಾಲಯದಲ್ಲಿ ಕೂರಲು ಜಾಗ ಸಾಲದೆ ಕಿಟಕಿಯಲ್ಲೂ ಜನ. ಅಮ್ಮ ಬರುತ್ತೇನೆಂದು ಹಟ ಹಿಡಿದರು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಲೈನ್‌ಮನ್ ಬಾಗಿಲಲ್ಲಿ ನಿಂತಿದ್ದರು. ಕಾಗದ ಬಿಚ್ಚಿ ಒಂದು ಸಾಲೂ ಬಿಡದೆ ಓದಿದೆ.

ಓದಿ ಮುಗಿಸಿದ ತಕ್ಷಣ ವರದಿ ಮೇಷ್ಟ್ರು ಎದ್ದು ಕೈ ತಟ್ಟಿದರು. ‘ನೋಡಿದ್ರಾ! ನಲವತ್ತು ವರ್ಷದಿಂದ ಬಡ್ಕೋತಾ ಇದೀನಿ, ಆಯೋಗ ಹೇಳಿದ್ದೇ ಸರಿ!’

‘ಮೇಷ್ಟ್ರೇ, ಕೂತ್ಕೊಳಿ’ ಎಂದೆ. ‘ಪುಟ ನೂರಾ ಹನ್ನೆರಡು ಏನನ್ನುತ್ತೆ? ಆಪರೇಟರ್ ಅಜಾಗರೂಕತೆ. ಅದು ಸರಿಯಾ ಈಗ?’

ಮೇಷ್ಟ್ರು ನಿಂತಲ್ಲೇ ವರದಿ ತೆರೆದರು. ಅಂಚೆಲ್ಲ ಸವೆದ ಪ್ರತಿ. ಆ ಸಾಲನ್ನು ಹುಡುಕಿ, ಬಾಯಿಪಾಠವಾಗಿದ್ದರೂ ಓದಿ, ಜೇಬಿನಿಂದ ಪೆನ್ನು ತೆಗೆದು ಅಡ್ಡಗೆರೆ ಎಳೆದರು. ಆ ಪುಸ್ತಕದ ಮೇಲೆ ಅವರು ಪೆನ್ನು ಇಟ್ಟದ್ದನ್ನು ಯಾರೂ ನೋಡಿರಲಿಲ್ಲ. ‘ಹಾಗಾದ್ರೆ ಬೇರೆ ಪುಟಗಳನ್ನೂ ಇನ್ನೊಂದ್ಸಲ ನೋಡ್ಬೇಕಲ್ಲಪ್ಪ’ ಎಂದು ಮೆಲ್ಲಗೆ ಕೂತರು.

ಆಮೇಲೆ ಗುಮಾನಿ ಮಾವ. ನಾನು ಎಣಿಸಿದ ಪ್ರಶ್ನೆಯನ್ನೇ ಕೇಳಿದರು. ‘ಬೇಜಾರು ಮಾಡ್ಕೋಬೇಡಪ್ಪ. ಗಡಿಯಾರ ಮುಂದಿಟ್ಟು ಕೊಲೆಗಾರನಿಗೆ ಸನ್ನೆ ಕೊಟ್ಟವರು ನಿಮ್ಮಪ್ಪಾನೇ ಯಾಕಾಗಿರ್ಬಾರ್ದು?’

ಮೊದಲಾಗಿದ್ದರೆ ಅಲ್ಲೇ ಅವರ ಕೊರಳಪಟ್ಟಿ ಹಿಡಿಯುತ್ತಿದ್ದೆ. ಅದನ್ನು ಹೊಲಿದುಕೊಟ್ಟವನೂ ನಾನೇ ಆದ್ದರಿಂದ ಹಿಡಿಯುವ ಜಾಗವೂ ಗೊತ್ತು. ಆದರೆ ಇಂಥದೇ ಪ್ರಶ್ನೆಯನ್ನು ನಾನು ನಿಮಗೆ ಆಗಸ್ಟಿನಲ್ಲಿ ಕೇಳಿದ್ದೆನಲ್ಲ! ನೀವು ಉತ್ತರ ಕೊಟ್ಟಿರಿ. ‘ಕೇಳಬೇಕಾದ ಪ್ರಶ್ನೇನೇ ಮಾವ, ಬನ್ನಿ ನೋಡೋಣ’ ಎಂದೆ. ಲೈನ್‌ಮನ್ ಸೈರನ್ನಿನ ಕಥೆ ಹೇಳಿದರು. ಕೊಲೆಯಾಗಿ ಒಂಬತ್ತು ವರ್ಷದ ಮೇಲೂ ಆರು ನಿಮಿಷ ಹಾಗೇ ಇತ್ತು ಎಂದರು. ಗಿರಣಿಯಲ್ಲಿದ್ದ ಒಬ್ಬ ಮುದುಕಿ ಎದ್ದು, ಗಡಿಯಾರ ನಿಂತು ಮತ್ತೆ ಶುರುವಾದ ಮರುದಿನ ಗೇಟಿನ ಹೊರಗೆ ಉಳಿದ ಹನ್ನೊಂದು ಜನರಲ್ಲಿ ತಾನೂ ಒಬ್ಬಳು ಎಂದಳು. ಅವಳು ಬರುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ.

ಮಾವ ‘ಆದ್ರೂ ಒಂದು ಮಾತು’ ಎಂದು ಬಾಯಿ ತೆರೆದರು. ಅಮ್ಮ ತಿರುಗಿ ಕೂತರು. ‘ಏನಪ್ಪಾ, ನಿನ್ನ ಮದುವೆ ದಿನ ಹೆಣ್ಣಿನ ಮನೆಯೋರಿಗಿಂತ ಮುಂಚೆ ಬಂದು ನಿಂತಿದ್ಯಲ್ಲ, ಇನ್ನೂ ಕಸ ಗುಡಿಸ್ತಿದ್ರು. ಅದೂ ಪಿತೂರೀನಾ? ನನ್ನ ಗಂಡನ ಗಡಿಯಾರ ಕಣೋ ಅದು!’

ಮಾವನೇ ಎಲ್ಲರಿಗಿಂತ ಜೋರಾಗಿ ನಕ್ಕರು. ಸಭೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. ‘ಆ ಹೆಣ್ಣುಮಗಳ ಬಗ್ಗೆ ನಾನು ಎಷ್ಟು ಭಾನುವಾರ ಮಾತಾಡಿದೀನಿ ಲೆಕ್ಕ ಇಲ್ಲ. ನಾನೇ ಬರೀಬೇಕು, ಕೈ ನಡುಗುತ್ತೆ. ತಪ್ಪಾಯ್ತು ಅಂತಾರೆ ಅಂತ ಬರಿ.’ ಬರೆದಿದ್ದೇನೆ. ಹತ್ತು ಹೆಜ್ಜೆ ಹೋದವರು ತಿರುಗಿ ನಿಂತು, ‘ಆದ್ರೆ ಆ ಪಿಸ್ತೂಲು ಅವನ ಕೈಗೆ ಕೊಟ್ಟೋರು ಯಾರು ಅಂತ ಇನ್ನೂ ಗೊತ್ತಾಗಿಲ್ಲ, ಅದನ್ನ ಬಿಡಲ್ಲ’ ಎಂದರು. ಬಿಡಬೇಡಿ ಎಂದೆ. ಆ ಪ್ರಶ್ನೆಗೆ ಉತ್ತರ ನನ್ನ ಹತ್ತಿರವೂ ಇಲ್ಲ, ಮೇಷ್ಟ್ರ ಹತ್ತಿರವೂ ಇಲ್ಲ.

ಪುಸ್ತಿಕೆಯನ್ನು ಮೊದಲಿನಿಂದ ಮತ್ತೆ ಬರೆದೆ. ನಿಮ್ಮ ಅಧ್ಯಾಯದ ಹೆಸರು ‘ಸರಿಯಾಗಿ ಕೆಲಸ ಮಾಡಿದವರು’. ಒಂದು ಪ್ರತಿ ಇದರ ಜೊತೆಗಿದೆ. ವಯಸ್ಸು ಮೂರು ಸಲ ತಿದ್ದಿ ನೋಡಿದ್ದೇನೆ.

ನಿಮ್ಮ ತಮ್ಮ

*

ನವೆಂಬರ್ 21, ಸಂಜೆ 4-10

ತಮ್ಮಾ,

ಪುಸ್ತಿಕೆ ಎರಡು ಸಲ ಓದಿದೆ. ವಯಸ್ಸು ಸರಿಯಿದೆ. ಮೊಮ್ಮಗಳು ಅದೇ ಪ್ರತಿಯನ್ನು ಹಾಸ್ಟೆಲಿಗೆ ಒಯ್ಯಲು ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದಾಳೆ. ನಿನ್ನ ಮಾವನವರಿಗೆ ಹೇಳು, ತಪ್ಪಾಯ್ತು ಎಂಬುದು ತಲುಪಿದೆ ಎಂದು.

ಈಗ ನನ್ನದೊಂದು ವಿಷಯ. ಹತ್ತು ದಿನದಿಂದ ಬರೆಯಲೋ ಬೇಡವೋ ಎಂದು ನೋಡುತ್ತಿದ್ದೇನೆ.

ಅವತ್ತು ಮಧ್ಯಾಹ್ನ ಮೂರೂ ಹತ್ತರ ಸುಮಾರಿಗೆ ಒಂದು ಕರೆ ಬಂದಿತ್ತು. ಗಂಡಸಿನ ಧ್ವನಿ, ಸಮಾಧಾನದ ಮಾತು. ‘ದೊಡ್ಡ ಸರ್ಜನ್ ಇವತ್ತು ಇದಾರಾ?’ ಎಂದು ಕೇಳಿದ. ರಜೆಯಲ್ಲಿದ್ದಾರೆ ಎಂದೆ. ‘ಸಾಯಂಕಾಲನೂ ಇರಲ್ವಾ?’ ಎಂದ. ಇರುವುದಿಲ್ಲ ಎಂದೆ. ಫೋನು ಇಟ್ಟ. ಹೆಸರು ಹೇಳಲಿಲ್ಲ. ಆಂಬುಲೆನ್ಸಿನ ಕರೆಗಳನ್ನು ಮಾತ್ರ ಬರೆಯುವುದು ನಿಯಮ, ಹಾಗಾಗಿ ಅದನ್ನು ಬರೆಯಲಿಲ್ಲ. ಮುಖಂಡರನ್ನು ಕರೆತಂದಾಗ ಆಪರೇಷನ್ ಮಾಡುವವರಿಲ್ಲದೆ ಮುಕ್ಕಾಲು ಗಂಟೆ ಕಾದದ್ದು ನಿನ್ನ ಮೇಷ್ಟ್ರ ವರದಿಯಲ್ಲೂ ಇದೆ.

ಆಯೋಗದ ಮುಂದೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ‘ನೋಡಿ, ಇವಳಿಗೆ ಗೊತ್ತಿತ್ತು’ ಎನ್ನುತ್ತಿದ್ದರು. ನಿನಗೂ ಹೇಳಲಿಲ್ಲ. ಒಬ್ಬನೇ ಮಾಡಿದ್ದು, ಮುಗಿಯಿತು ಎಂದು ನಿನಗೆ ಬರೆದೆನಲ್ಲ, ಅದು ನಾನು ಯೋಚಿಸಿ ಕಂಡುಕೊಂಡದ್ದಲ್ಲ. ಅವನ ಹಿಂದೆ ಇನ್ನೊಬ್ಬರಿದ್ದರು ಎಂದು ಯಾರು ಬಾಯಿ ತೆರೆದರೂ ಬೆರಳು ನನ್ನ ಕಡೆಗೇ ತಿರುಗುತ್ತಿತ್ತು. ಆದ್ದರಿಂದ ಆ ಬಾಗಿಲು ಹಾಕಿ, ನಲವತ್ತು ವರ್ಷ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ಒಳಗೇನಿದೆ ಎಂದು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಬೆರಳು ಇಳಿದ ಮೇಲೆ ಈಗ ನೋಡುತ್ತಿದ್ದೇನೆ.

ಅದು ಏನೂ ಅಲ್ಲದಿರಬಹುದು. ಸರ್ಜನ್‌ಗೆ ನೂರಾರು ರೋಗಿಗಳು, ಅವರ ಮನೆಯವರು ದಿನಾ ಕೇಳುತ್ತಿದ್ದರು. ಯಾರೋ ಒಬ್ಬ ಮಗ ತನ್ನ ತಾಯಿಯ ಹೊಟ್ಟೆನೋವಿಗೆ ಕೇಳಿರಬಹುದು. ಹಾಗೆಂದು ತಿಳಿದುಬಂದರೆ ನನಗೆ ಸಂತೋಷವೇ. ಗುಂಡು ಬಿದ್ದರೆ ಉಳಿಸುವವರು ಇದ್ದಾರೆಯೇ ಎಂದು ಮೊದಲೇ ನೋಡಿಕೊಂಡದ್ದೂ ಆಗಿರಬಹುದು. ಆಗ ರಜೆ ಮತ್ತು ಬದಲಿ ವೈದ್ಯರ ಪಟ್ಟಿ ಬರೆಯುತ್ತಿದ್ದವರು ನಿನಗೆ ನನ್ನ ವಿಳಾಸ ಕೊಟ್ಟ ಆ ನರ್ಸೇ. ಅವರನ್ನು ಮೊದಲು ವಿಚಾರಿಸಬೇಕು. ನೀನು ಒಬ್ಬನೇ ಹೋಗಬೇಡ, ನಿನಗೆ ಉತ್ತರ ಬರುವ ಮುಂಚೆಯೇ ಕುಣಿಯುವ ಚಾಳಿ ಇದೆ.

ಜನವರಿ 6ಕ್ಕೆ ಮೊಮ್ಮಗಳನ್ನು ಹಾಸ್ಟೆಲಿಗೆ ಸೇರಿಸಲು ನಾನೇ ಬರುತ್ತಿದ್ದೇನೆ. ಮರುದಿನ ಭಾನುವಾರ. ವಾಚನಾಲಯಕ್ಕೆ ಬಂದು ಎಲ್ಲರೆದುರು ಈ ಕರೆಯ ವಿಷಯ ಹೇಳುತ್ತೇನೆ. ವಾದದಲ್ಲಿ ನಾನು ಗುಮಾನಿ ಮಾವನ ಪಕ್ಷ. ನೀನು ಮೇಷ್ಟ್ರ ಕಡೆ ಕೂತು ನನ್ನನ್ನು ಪಾಟೀಸವಾಲು ಮಾಡಬೇಕು. ಅಕ್ಕ ಎಂದು ದಯೆ ತೋರಿಸಿದರೆ ಎದ್ದು ಬಸ್ಸು ಹತ್ತುತ್ತೇನೆ.

ಅವನು ಒಬ್ಬನೇ ಇದ್ದನೇ? ನನಗೆ ಗೊತ್ತಿಲ್ಲ, ತಮ್ಮಾ. ‘ಗೊತ್ತಿಲ್ಲ’ ಎಂದು ನಾನು ಒಬ್ಬರಿಗೆ ಹೇಳುತ್ತಿರುವುದು ಇದೇ ಮೊದಲು. ಎಷ್ಟು ಹಗುರವಾಗಿದೆ ಗೊತ್ತೇ!

ನಿನ್ನ ಅಕ್ಕ